ಮೀಟರಿಗೆ ಸೀಲ್ ಇದೆ, ಆಪ್‌ಗೆ ಯಾಕಿಲ್ಲ?

ನಮ್ಮ ಬೀದಿಯ ಕೊನೆಗೆ ಒಂದು ಡಾರ್ಕ್ ಸ್ಟೋರ್ ಇದೆ, ಅಂದರೆ ಆಪ್ ಆರ್ಡರುಗಳಿಗಾಗಿ ಮಾತ್ರ ಇರುವ ಗೋದಾಮು. ಅರ್ಧ ಎಳೆದ ಶಟರ್, ಮುಂದೆ ಸಾಲಾಗಿ ನಿಂತ ಸ್ಕೂಟರುಗಳು, ಹೊರಗಿಂದ ಕಾಣುವುದು ಅಷ್ಟೇ. ಪಕ್ಕದ ಟೀ ಅಂಗಡಿ ನಡೆಯುವುದೇ ಅಲ್ಲಿನ ಡೆಲಿವರಿ ಹುಡುಗರಿಂದ. ಒಂದು ಸಂಜೆ ಟೀ ಕುಡಿಯುತ್ತಾ ನಿಂತಿದ್ದಾಗ ರಾಯಚೂರು ಕಡೆಯ ಹುಡುಗನೊಬ್ಬ ಫೋನ್ ನನ್ನ ಮುಂದೆ ಹಿಡಿದ. ‘ಸರ್, ಇದ್ರಾಗ ಏನ್ ಬರ್ದಾರ, ಸ್ವಲ್ಪ ಓದಿ ಹೇಳ್ರಿ.’

ಇಂಗ್ಲಿಷಿನಲ್ಲಿ ಎರಡು ಸಾಲಿತ್ತು. ನಿಯಮ ಮೀರಿದ್ದರಿಂದ ನಿಮ್ಮ ಐಡಿ ಬ್ಲಾಕ್ ಆಗಿದೆ. ಯಾವ ನಿಯಮ? ಹೇಳಿಲ್ಲ. ಯಾವ ದಿನ, ಯಾವ ಆರ್ಡರ್? ಅದೂ ಇಲ್ಲ. ಸಹಾಯಕ್ಕೆ ಅಂತ ಇರುವ ಚಾಟ್ ತೆರೆದರೆ ಮೂರು ಬಟನ್: ಪೇಔಟ್, ಇನ್ಶೂರೆನ್ಸ್, ಬ್ಯಾಗ್ ಮತ್ತು ಟೀ ಶರ್ಟ್. ಐಡಿ ಬ್ಲಾಕ್ ಆದವನಿಗೆ ಒತ್ತೋಕೆ ಬಟನ್ನೇ ಇಲ್ಲ. ಟೀಮ್ ಲೀಡರ್‌ಗೆ ಫೋನ್ ಹಚ್ಚಿದ. ಸ್ಪೀಕರ್‌ನಲ್ಲಿ ನನಗೂ ಕೇಳಿಸಿತು. ‘ಸಿಸ್ಟಮ್‌ನಿಂದ ಆಗಿದೆ ಗುರು. ನನ್ ಕೈಲಿ ಏನೂ ಇಲ್ಲ.’

‘ನಾ ಏನ್ ತಪ್ಪು ಮಾಡೀನಿ ಅಂತಾದ್ರೂ ಹೇಳ್ಬೇಕಲ್ರಿ’ ಅಂದ ಹುಡುಗ. ಅಷ್ಟೊತ್ತಿಗೆ ಫೋನ್ ಕಟ್ ಆಗಿತ್ತು.

‘ಸಿಸ್ಟಮ್‌ನಿಂದ ಆಗಿದೆ.’ ಈ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಬ್ಯಾಂಕಿನಲ್ಲಿ ಲೋನ್ ಆಗದಿದ್ದರೆ, ನ್ಯಾಯಬೆಲೆ ಅಂಗಡಿಯಲ್ಲಿ ಹೆಸರು ಬಿಟ್ಟುಹೋಗಿದ್ದರೆ, ಕೆಲಸಕ್ಕೆ ಹಾಕಿದ ಅರ್ಜಿ ಯಾರೂ ಓದುವ ಮುಂಚೆಯೇ ವಾಪಸ್ ಬಂದರೆ, ಉತ್ತರ ಇದೇ. ಹಿಂದೆ ‘ಸಾಹೇಬ್ರು ಇಲ್ಲ, ನಾಳೆ ಬನ್ನಿ’ ಅನ್ನುತ್ತಿದ್ದರು. ಮೈ ಉರಿಯುತ್ತಿತ್ತು ನಿಜ. ಆದರೆ ಸಾಹೇಬ್ರು ಅಂತ ಒಬ್ಬರು ಇದ್ದಾರೆ, ನಾಳೆಯೋ ನಾಡಿದ್ದೋ ಸಿಗುತ್ತಾರೆ ಅನ್ನುವುದಾದರೂ ಗೊತ್ತಿರುತ್ತಿತ್ತು. ಸಿಸ್ಟಮ್ ಯಾವತ್ತೂ ರಜೆ ಹಾಕುವುದಿಲ್ಲ. ಎದುರಿಗೆ ಸಿಗುವುದೂ ಇಲ್ಲ.

ಆ ಟೀ ಅಂಗಡಿಯ ಎದುರಿಗೇ ಆಟೊ ಸ್ಟ್ಯಾಂಡ್. ಆಟೊ ಮೀಟರ್ ಹತ್ತಿರದಿಂದ ನೋಡಿದ್ದೀರಾ? ಅದಕ್ಕೊಂದು ಸೀಲ್ ಇರುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷೆ ಮಾಡಿ ಹಾಕಿದ್ದು. ದರ ನಿಗದಿ ಮಾಡುವುದು ಡ್ರೈವರ್ ಅಲ್ಲ, ಮೀಟರ್ ಮಾಡಿದ ಕಂಪನಿಯೂ ಅಲ್ಲ, ಸಾರಿಗೆ ಪ್ರಾಧಿಕಾರ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18 ರೂಪಾಯಿ ಅಂತ ಆದಾಗ, ಮೀಟರುಗಳನ್ನೆಲ್ಲ ಮತ್ತೆ ಹೊಂದಿಸಿ ಸೀಲ್ ಹಾಕಿಸಿಕೊಳ್ಳಿ ಅಂತ 90 ದಿನ ಗಡುವನ್ನೂ ಕೊಟ್ಟರು. ಮೀಟರ್ ಹಾಕದೆ ಓಡಿಸುವವರ ಕಥೆ ಬೇರೆ ಬಿಡಿ, ಅದನ್ನು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಆದರೆ ಮೀಟರ್ ಜಾಸ್ತಿ ಓಡುತ್ತಿದೆ ಅನಿಸಿದರೆ ದೂರು ಕೊಡಬಹುದು, ಯಾರೋ ಹೊರಗಿನವರು ಅದನ್ನು ಪರೀಕ್ಷೆ ಮಾಡಬಹುದು ಅನ್ನುವ ವ್ಯವಸ್ಥೆ ಅಲ್ಲಿದೆ.

ಅದೇ ಆಟೊದ ಹ್ಯಾಂಡಲ್ ಪಕ್ಕದ ಸ್ಟ್ಯಾಂಡಿನಲ್ಲಿರುವ ಫೋನಿಗೆ ಯಾವ ಸೀಲೂ ಇಲ್ಲ. ಆ ಫೋನ್ ಮಾಡುವ ತೀರ್ಮಾನಗಳು ಮೀಟರಿಗಿಂತ ಎಷ್ಟೋ ಪಾಲು ಜಾಸ್ತಿ. ಯಾವ ಟ್ರಿಪ್ ಯಾರಿಗೆ, ಎಷ್ಟಕ್ಕೆ, ಮಳೆ ಬಂದರೆ ಎಷ್ಟು ಹೆಚ್ಚು, ಈ ವಾರ ಇನ್ಸೆಂಟಿವ್ ಸಿಗೋಕೆ ಎಷ್ಟು ಟ್ರಿಪ್, ಯಾರ ರೇಟಿಂಗ್ ಎಷ್ಟು, ಯಾರ ಸೆಲ್ಫಿ ಹೊಂದಲಿಲ್ಲ, ಯಾರ ಐಡಿ ಬಂದ್. ನೀತಿ ಆಯೋಗದ ಅಂದಾಜಿನಂತೆ 2020-21ರಲ್ಲೇ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು, ಅಂದರೆ ಸಂಬಳದ ನೌಕರಿಯಲ್ಲದೆ ಹೀಗೆ ಬಿಡಿ ಬಿಡಿ ಕೆಲಸ ಮಾಡುವವರು. 2029-30ಕ್ಕೆ ಅದು 2.35 ಕೋಟಿ ಆಗಬಹುದು. ಇವರೆಲ್ಲರ ಕೂಲಿ ಸೀಲಿಲ್ಲದ ಮೀಟರಿನಲ್ಲಿ ಓಡುತ್ತಿದೆ.

ಮ್ಯಾನೇಜರ್ ಬರೆದಿಟ್ಟ ಚೀಟಿ

ಅಲ್ಗಾರಿದಂ ಅಂದ ತಕ್ಷಣ ಏನೋ ಮಾಯಾಜಾಲ ಅನ್ನಿಸುತ್ತದೆ. ಹಾಗೇನಿಲ್ಲ. ‘ಹೀಗಾದರೆ ಹಾಗೆ ಮಾಡು’ ಅನ್ನುವ ಸೂಚನೆಗಳ ಸರಣಿ ಅದು. ಕೆಲವು ಸೂಚನೆ ಯಾರೋ ಕೂತು ಬರೆದದ್ದು. ಕೆಲವನ್ನು ಹಳೆಯ ಲೆಕ್ಕ ನೋಡಿ ಯಂತ್ರವೇ ಊಹಿಸಿಕೊಂಡದ್ದು. ಎರಡರಲ್ಲೂ ಏನು ಮುಖ್ಯ, ಏನು ಮುಖ್ಯವಲ್ಲ ಅಂತ ಮೊದಲೇ ತೀರ್ಮಾನ ಮಾಡಿದ ಮನುಷ್ಯರಿದ್ದಾರೆ. ಮ್ಯಾನೇಜರ್ ಚೀಟಿ ಬರೆದಿಟ್ಟು ಮನೆಗೆ ಹೋದ ಹಾಗೆ. ಚೀಟಿ ಮಾತ್ರ ಹಗಲೂ ರಾತ್ರಿ ಕೆಲಸ ಮಾಡುತ್ತಿರುತ್ತದೆ.

ಇಟಲಿಯ ಬೊಲೊನ್ಯಾ ಕೋರ್ಟ್ 2020ರ ಡಿಸೆಂಬರ್ 31ರಂದು ಕೊಟ್ಟ ತೀರ್ಪಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಊಟ ತಲುಪಿಸುವ ಡೆಲಿವರೂ ಕಂಪನಿ ಅಲ್ಲಿ ರೈಡರುಗಳಿಗೆ ಅಂಕ ಕೊಡುತ್ತಿತ್ತು. ಅಂಕ ಜಾಸ್ತಿ ಇದ್ದವರಿಗೆ ಒಳ್ಳೆಯ ಸ್ಲಾಟ್ ಮೊದಲು ಸಿಗುತ್ತಿತ್ತು. ಬುಕ್ ಮಾಡಿದ ಸ್ಲಾಟಿಗೆ ಬಾರದಿದ್ದರೆ, ಕೊನೆ ಗಳಿಗೆಯಲ್ಲಿ ರದ್ದು ಮಾಡಿದರೆ ಅಂಕ ಇಳಿಯುತ್ತಿತ್ತು. ಜ್ವರ ಬಂದು ಮಲಗಿದರೂ ಅದೇ, ಮುಷ್ಕರಕ್ಕೆ ಹೋದರೂ ಅದೇ, ಸುಮ್ನೆ ಸೋಮಾರಿತನಕ್ಕೆ ಬಾರದಿದ್ದರೂ ಅದೇ. ಎಲ್ಲರನ್ನೂ ಒಂದೇ ಥರ ನೋಡಿದ್ದೇವೆ, ತಾರತಮ್ಯ ಎಲ್ಲಿದೆ ಅನ್ನಬಹುದು. ಕೋರ್ಟ್ ಒಪ್ಪಲಿಲ್ಲ. ಕಾರಣ ನೋಡದೆ ಇರುವುದನ್ನು ಕಂಪನಿ ಆರಿಸಿಕೊಂಡಿದೆ, ಅದೇ ತಾರತಮ್ಯ ಅಂದಿತು. ಕೇಸ್ ಹಾಕಿದ ಕಾರ್ಮಿಕ ಸಂಘಟನೆಗೆ 50,000 ಯೂರೊ ಪರಿಹಾರ ಕೊಡಿಸಿತು.

ಯಂತ್ರ ಕುರುಡಾಗಿದ್ದರೆ ಅದಕ್ಕೆ ಪಟ್ಟಿ ಕಟ್ಟಿದವರು ಯಾರು ಅಂತ ಕೇಳಬೇಕು. ಆದರೆ ಕೇಳುವುದಕ್ಕೂ ಮೊದಲು ಒಳಗೆ ಏನಿದೆ ಅಂತ ಸ್ವಲ್ಪವಾದರೂ ಗೊತ್ತಿರಬೇಕಲ್ವಾ?

ಬೆಂಗಳೂರಿನ ಕಂಪನಿ, ಆಮ್‌ಸ್ಟರ್‌ಡ್ಯಾಮ್ ಕೋರ್ಟ್

ಓಲಾದ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಕೆಲವು ವರ್ಷ ಅದು ಬ್ರಿಟನ್ನಿನಲ್ಲೂ ಟ್ಯಾಕ್ಸಿ ನಡೆಸಿತು, 2024ರಲ್ಲಿ ಅಲ್ಲಿಂದ ಹೊರಬಂತು. ಅಲ್ಲಿನ ಡ್ರೈವರುಗಳ ಮಾಹಿತಿಗೆ ಹೊಣೆ ಹೊತ್ತಿದ್ದ ಅಂಗಸಂಸ್ಥೆ ನೆದರ್‌ಲ್ಯಾಂಡ್ಸ್‌ನಲ್ಲಿತ್ತು. ಹಾಗಾಗಿ ಬ್ರಿಟನ್ನಿನ ಡ್ರೈವರುಗಳು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೇಸ್ ಹಾಕಿದರು. ಅವರು ಕೇಳಿದ್ದು ಸಣ್ಣ ವಿಷಯ. ನಮ್ಮ ಬಗ್ಗೆ ಏನೇನು ಬರೆದಿಟ್ಟುಕೊಂಡಿದ್ದೀರಿ, ಅದನ್ನು ಇಟ್ಟುಕೊಂಡು ನಿಮ್ಮ ಯಂತ್ರ ಏನು ತೀರ್ಮಾನ ಮಾಡುತ್ತದೆ?

2021ರ ಮಾರ್ಚ್‌ನಲ್ಲಿ ಕೆಳಗಿನ ಕೋರ್ಟ್ ಕೇಳಿದ್ದರಲ್ಲಿ ಕೆಲವನ್ನು ಮಾತ್ರ ಒಪ್ಪಿತು. ಡ್ರೈವರಿನ ಹಣದಲ್ಲಿ ಕಡಿತ ಮಾಡುವುದು ಪೂರ್ತಿ ಯಂತ್ರದ್ದೇ ತೀರ್ಮಾನ, ಅದನ್ನು ವಿವರಿಸಬೇಕು ಅಂದಿತು. 2023ರ ಏಪ್ರಿಲ್ 4ರಂದು ಮೇಲ್ಮನವಿ ಕೋರ್ಟ್ ಇನ್ನೂ ಮುಂದೆ ಹೋಯಿತು. ಪ್ರತಿ ಡ್ರೈವರಿಗೂ ‘ಮೋಸ ಮಾಡುವ ಸಾಧ್ಯತೆ ಇಷ್ಟು’ ಅಂತ ಒಂದು ಅಂಕ ಇತ್ತು. ಗಳಿಕೆಯ ಪ್ರೊಫೈಲ್ ಅಂತ ಇನ್ನೊಂದಿತ್ತು. ಇವೆರಡನ್ನೂ, ಟ್ರಿಪ್ ಹಂಚುವ ಲೆಕ್ಕವನ್ನೂ ವಿವರಿಸಿ ಅಂತ ಆದೇಶವಾಯಿತು. ದಿನವಿಡೀ ಗಾಡಿ ಓಡಿಸುವ ಮನುಷ್ಯನ ಬೆನ್ನ ಮೇಲೆ ಅವನಿಗೇ ಗೊತ್ತಿಲ್ಲದೆ ಒಂದು ಅಂಕ ಅಂಟಿಸಿರುತ್ತಾರೆ ಅನ್ನುವುದು ಅವತ್ತು ಎಲ್ಲರ ಮುಂದೆ ಬಂತು. ಲಂಡನ್ನಿನ ಡ್ರೈವರಿಗೆ ಇದನ್ನು ಕೇಳುವ ಹಕ್ಕು ಕೊಟ್ಟದ್ದು ಯುರೋಪಿನ ದತ್ತಾಂಶ ರಕ್ಷಣಾ ಕಾನೂನು. ಬೆಂಗಳೂರಿನ ಲಗ್ಗೆರೆಯ ಡ್ರೈವರಿಗೆ ಅಂಥ ಕಾನೂನು ಆಗ ಇರಲಿಲ್ಲ.

ಅದೇ ದಿನ ಊಬರ್ ಮೇಲೂ ತೀರ್ಪು ಬಂತು. ನನಗೆ ಹೆಚ್ಚು ಕಾಡುವುದು ಅದು. ಮೋಸದ ಆರೋಪದ ಮೇಲೆ ಕೆಲವು ಡ್ರೈವರುಗಳ ಖಾತೆ ಮುಚ್ಚಲಾಗಿತ್ತು. ಯಂತ್ರ ಒಂದೇ ತೀರ್ಮಾನ ಮಾಡಿಲ್ಲ, ಪೋಲೆಂಡಿನ ಕ್ರಾಕೋ ಊರಿನ ಆಫೀಸಿನಲ್ಲಿ ನಮ್ಮ ಸಿಬ್ಬಂದಿ ಕೂತು ಪ್ರತಿಯೊಂದನ್ನೂ ನೋಡುತ್ತಾರೆ ಅಂತ ಕಂಪನಿ ವಾದ ಮಾಡಿತು. ಕೆಳಗಿನ ಕೋರ್ಟ್ ಅದನ್ನು ನಂಬಿತ್ತು. ಮೇಲಿನ ಕೋರ್ಟ್ ನಂಬಲಿಲ್ಲ. ಆ ಸಿಬ್ಬಂದಿಯ ಪಾತ್ರ ಬಹುತೇಕ ಹೆಸರಿಗೆ ಮಾತ್ರ ಅನ್ನುವ ಅರ್ಥದ ಮಾತು ತೀರ್ಪಿನಲ್ಲಿದೆ. ಕೇಳಿದ ವಿವರ ಸರಿಯಾಗಿ ಕೊಡಲಿಲ್ಲ ಅಂತ ಅದೇ ವರ್ಷ ಅಕ್ಟೋಬರ್‌ನಲ್ಲಿ 5,84,000 ಯೂರೊ ದಂಡವೂ ಬಿತ್ತು.

ಇದನ್ನು ಓದುವಾಗ ನಮ್ಮ ಟೀಮ್ ಲೀಡರ್ ನೆನಪಾಗುತ್ತಾನೆ. ಅವನೂ ಮನುಷ್ಯನೇ. ಬ್ಲಾಕ್ ಆಗಿದೆ ಅಂತ ಅವನಿಗೂ ಸ್ಕ್ರೀನಿನಲ್ಲಿ ಕಾಣುತ್ತದೆ. ಆದರೆ ಬ್ಲಾಕ್ ತೆಗೆಯುವ ಬಟನ್ ಅವನ ಸ್ಕ್ರೀನಿನಲ್ಲೂ ಇಲ್ಲ. ‘ಯಂತ್ರದ ಜೊತೆ ಮನುಷ್ಯನೂ ಇರಬೇಕು’ ಅನ್ನುವ ಮಾತು ಈಗ ಎಲ್ಲ ದೇಶದ ನೀತಿ ಪುಸ್ತಕಗಳಲ್ಲೂ ಇದೆ. ಮನುಷ್ಯ ಇದ್ದರೆ ಸಾಲದು. ಯಂತ್ರ ಹೇಳಿದ್ದನ್ನು ‘ಇಲ್ಲ’ ಅನ್ನುವ ಅಧಿಕಾರ ಅವನಿಗಿರಬೇಕು, ಕಡತ ಓದೋಕೆ ಪುರಸೊತ್ತು ಇರಬೇಕು, ‘ಇಲ್ಲ’ ಅಂದದ್ದಕ್ಕೆ ಅವನ ಕೆಲಸ ಹೋಗಬಾರದು. ಯುರೋಪಿನ ಹೊಸ ಪ್ಲಾಟ್‌ಫಾರ್ಮ್ ಕೆಲಸದ ನಿರ್ದೇಶನ 2024ರಲ್ಲಿ ಬಂದಾಗ ಇದನ್ನು ಸ್ವಲ್ಪ ಅರ್ಥ ಮಾಡಿಕೊಂಡಂತಿತ್ತು. ಕೆಲಸದಿಂದ ತೆಗೆಯುವ ತೀರ್ಮಾನ ಮನುಷ್ಯರದ್ದೇ ಆಗಿರಬೇಕು, ಮೇಲ್ವಿಚಾರಣೆ ಮಾಡುವವರಿಗೆ ತರಬೇತಿ ಮತ್ತು ಯಂತ್ರದ ತೀರ್ಮಾನ ಬದಲಿಸುವ ಅಧಿಕಾರ ಇರಬೇಕು ಅನ್ನುತ್ತದೆ ಅದು. ಸದಸ್ಯ ದೇಶಗಳು ತಮ್ಮ ಕಾನೂನಿಗೆ ತಂದುಕೊಳ್ಳೋಕೆ 2026ರ ಡಿಸೆಂಬರ್ 2 ಗಡುವು.

‘ಇದು ನಮ್ಮ ವ್ಯಾಪಾರದ ಗುಟ್ಟು, ಹೇಳೋಕಾಗಲ್ಲ’ ಅನ್ನುವುದು ಕಂಪನಿಗಳ ಕೊನೆಯ ಅಸ್ತ್ರ. ಅದಕ್ಕೂ ಯುರೋಪಿನಲ್ಲಿ ಉತ್ತರ ಸಿಕ್ಕಿದೆ. ಆಸ್ಟ್ರಿಯಾದಲ್ಲಿ ಒಬ್ಬ ಗ್ರಾಹಕರಿಗೆ ತಿಂಗಳಿಗೆ ಬರೀ 10 ಯೂರೊದ ಮೊಬೈಲ್ ಪ್ಲಾನ್ ಸಿಗಲಿಲ್ಲ. ಕ್ರೆಡಿಟ್ ಸ್ಕೋರ್ ಯಂತ್ರ ಬೇಡ ಅಂದಿತ್ತು. ಕೇಸ್ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದವರೆಗೂ ಹೋಯಿತು. 2025ರ ಫೆಬ್ರವರಿ 27ರಂದು ನ್ಯಾಯಾಲಯ ಹೇಳಿದ್ದರಲ್ಲಿ ಎರಡು ಮಾತು ನೆನಪಿಡುವಂಥದ್ದು. ಗಣಿತದ ಸೂತ್ರವನ್ನು ಮುಖಕ್ಕೆ ಹಿಡಿದರೆ ಅದು ವಿವರಣೆಯಲ್ಲ, ಆ ಮನುಷ್ಯರ ಯಾವ ಮಾಹಿತಿಯನ್ನು ಹೇಗೆ ಬಳಸಿದಿರಿ ಅಂತ ಅರ್ಥವಾಗುವ ಹಾಗೆ ಹೇಳಬೇಕು. ಗುಟ್ಟು ಇದೆ ಅನ್ನುವುದಾದರೆ ಅದನ್ನು ಅಧಿಕಾರಿಯ ಅಥವಾ ಕೋರ್ಟಿನ ಮುಂದಿಡಬೇಕು, ಎಷ್ಟು ಹೇಳಬೇಕು ಅಂತ ಅವರು ತೂಗಿ ನೋಡುತ್ತಾರೆ. ಗುಟ್ಟು ಅಂದ ಮಾತ್ರಕ್ಕೆ ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ.

ನಮ್ಮ ಕಾಯ್ದೆಯಲ್ಲಿ ಏನಿದೆ

ಗಿಗ್ ಕೆಲಸಗಾರರಿಗಾಗಿ ದೇಶದಲ್ಲೇ ಮೊದಲ ಕಾನೂನು ತಂದದ್ದು ರಾಜಸ್ಥಾನ, 2023ರಲ್ಲಿ. ಕರ್ನಾಟಕದಲ್ಲಿ 2024ರ ಜೂನ್ ಕೊನೆಗೆ ಕರಡು ಬಂತು. ಉದ್ಯಮದ ಸಂಘಟನೆಗಳು ಆಕ್ಷೇಪ ಎತ್ತಿದವು, ಸಭೆ ಮೇಲೆ ಸಭೆ ಆದವು. 2025ರ ಮೇನಲ್ಲಿ ಸುಗ್ರೀವಾಜ್ಞೆ, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ, ಸೆಪ್ಟೆಂಬರ್‌ನಲ್ಲಿ ಕಾಯ್ದೆ. ಸುದ್ದಿಯಾದದ್ದು ಹಣದ ವಿಷಯ. ಪ್ರತಿ ವ್ಯವಹಾರದಲ್ಲಿ ಕೆಲಸಗಾರರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ, ಅದನ್ನು ನೋಡಿಕೊಳ್ಳೋಕೆ ಒಂದು ಮಂಡಳಿ. ಇದರ ನಡುವೆ ಯಂತ್ರದ ತೀರ್ಮಾನಗಳ ಬಗ್ಗೆಯೂ ಒಂದು ಭಾಗ ಇದೆ ಅನ್ನುವುದು ಅಷ್ಟಾಗಿ ಚರ್ಚೆಯಾಗಲಿಲ್ಲ.

ಅದರಲ್ಲಿ ಒಳ್ಳೆಯದು ಸಾಕಷ್ಟಿದೆ. ಯಾವ ಕಾರಣಕ್ಕೆ ಕೆಲಸದಿಂದ ತೆಗೆಯಬಹುದು ಅನ್ನುವ ಪೂರ್ತಿ ಪಟ್ಟಿ ಒಪ್ಪಂದದಲ್ಲೇ ಇರಬೇಕು. ತೆಗೆಯುವುದಾದರೆ ಬರಹದಲ್ಲಿ ಕಾರಣ ಕೊಟ್ಟು 14 ದಿನ ಮುಂಚೆ ತಿಳಿಸಬೇಕು. ಯಾರಿಗಾದರೂ ದೈಹಿಕ ಹಾನಿ ಮಾಡಿದಂಥ ಪ್ರಕರಣಕ್ಕೆ ಮಾತ್ರ ಈ ನೋಟಿಸ್ ಬೇಕಿಲ್ಲ. ವಿಚಾರಿಸೋಕೆ ಬಾಟ್ ಅಲ್ಲ, ಒಬ್ಬ ಮನುಷ್ಯ ಸಿಗಬೇಕು. ಧರ್ಮ, ಜಾತಿ, ಲಿಂಗ, ಅಂಗವೈಕಲ್ಯದ ಮೇಲೆ ಯಂತ್ರ ತಾರತಮ್ಯ ಮಾಡದ ಹಾಗೆ ಕಂಪನಿ ಎಚ್ಚರ ವಹಿಸಬೇಕು. ಕನ್ನಡ, ಇಂಗ್ಲಿಷ್ ಅಥವಾ ಕೆಲಸಗಾರನಿಗೆ ಗೊತ್ತಿರುವ, ಸಂವಿಧಾನದ ಎಂಟನೇ ಪರಿಚ್ಛೇದದ ಬೇರೆ ಭಾಷೆಯಲ್ಲಿ, ಸರಳವಾಗಿ ತಿಳಿಸಬೇಕು. ರಾಯಚೂರಿನ ಹುಡುಗ ಇಂಗ್ಲಿಷಿನ ಎರಡು ಸಾಲು ಓದಿಸೋಕೆ ಟೀ ಅಂಗಡಿಯಲ್ಲಿ ಯಾರನ್ನೋ ಹುಡುಕುವ ಪರಿಸ್ಥಿತಿ ಇರಬಾರದು ಅನ್ನುವುದು ಕಾನೂನಿನ ಆಸೆ.

ಈಗ ಸ್ವಲ್ಪ ಕಣ್ಣಿಟ್ಟು ಓದಬೇಕಾದ ಜಾಗ. ಸರಳ ಭಾಷೆಯಲ್ಲಿ ತಿಳಿಸಬೇಕಾದದ್ದು ಏನನ್ನು? ದರ, ಗಳಿಕೆ, ಗ್ರಾಹಕರ ಅಭಿಪ್ರಾಯದಂಥವನ್ನು ನಿರ್ಧರಿಸುವ ಯಂತ್ರದ ಬಗ್ಗೆ ಮಾಹಿತಿ ಕೇಳುವ ‘ವಿಧಾನ’ವನ್ನು. ಮಾಹಿತಿ ಬೇರೆ, ಮಾಹಿತಿ ಕೇಳುವ ವಿಧಾನ ಬೇರೆ. ‘ಅರ್ಜಿ ಇಲ್ಲಿ ಹಾಕಿ’ ಅಂತ ಬೋರ್ಡ್ ಬರೆದು ನೇತು ಹಾಕಿದರೂ ಆ ಸಾಲಿಗೆ ನ್ಯಾಯ ಸಲ್ಲಿಸಿದೆವು ಅಂತ ಜಾಣ ವಕೀಲರು ವಾದಿಸಬಹುದು. ಅರ್ಜಿ ಹಾಕಿದ ಮೇಲೆ ಏನು ಕೊಡಬೇಕು, ಎಷ್ಟು ದಿನದಲ್ಲಿ, ಎಷ್ಟು ವಿವರವಾಗಿ? ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜಗಳ ನಡೆದದ್ದೇ ಈ ವಿವರಗಳ ಮೇಲೆ.

ಇನ್ನೊಂದು ಜಾಗ ‘ತೆಗೆಯುವುದು’ ಅನ್ನುವ ಪದ. ರೈಡರುಗಳ ಬಾಯಲ್ಲಿ ಐಡಿಗೆ ಹಲವು ಸ್ಥಿತಿಗಳಿವೆ. ಬ್ಲಾಕ್, ಹೋಲ್ಡ್, ರಿವ್ಯೂ. ಹೋಲ್ಡ್ ಅಂದರೆ ತೆಗೆದ ಹಾಗೆ ಅಲ್ಲ ಅಂತ ಕಂಪನಿ ಹೇಳಬಹುದು. ಆದರೆ ಹೋಲ್ಡ್ ಇದ್ದಷ್ಟು ದಿನ ಆರ್ಡರ್ ಬೀಳುವುದಿಲ್ಲ. ಸ್ಕೂಟರಿನ ಇಎಂಐ ಮಾತ್ರ ಹೋಲ್ಡ್ ಆಗುವುದಿಲ್ಲ. ಆರ್ಡರ್ ಕಡಿಮೆ ಮಾಡಿ ಮಾಡಿ, ತಾನಾಗಿಯೇ ಬಿಟ್ಟು ಹೋಗುವ ಹಾಗೆ ಮಾಡುವುದು ಇನ್ನೂ ಸುಲಭ. ಅದಕ್ಕೆ ನೋಟಿಸ್ ಯಾರೂ ಕೊಡುವುದಿಲ್ಲ. 14 ದಿನದ ನಿಯಮ ಇವಕ್ಕೆ ಅನ್ವಯಿಸುತ್ತದೋ ಇಲ್ಲವೋ ಅನ್ನುವುದರ ಮೇಲೆ ಕಾಯ್ದೆಯ ಅರ್ಧ ಬೆಲೆ ನಿಂತಿದೆ.

ಕೇಂದ್ರದ ಕಡೆ ನೋಡಿದರೆ ಇಷ್ಟೂ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಗಿಗ್ ಕೆಲಸಗಾರರ ಹೆಸರಿದೆ, ಕಂಪನಿಗಳ ವಂತಿಗೆ ಇದೆ, ಅಲ್ಗಾರಿದಂ ವಿಷಯ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಒಂದು ಸಣ್ಣ ಎಳೆ ಸಿಗುತ್ತದೆ. ಒಬ್ಬರ ಮಾಹಿತಿ ಬಳಸಿ ಅವರ ಮೇಲೆ ಪರಿಣಾಮ ಆಗುವಂಥ ತೀರ್ಮಾನ ಮಾಡುವುದಾದರೆ ಆ ಮಾಹಿತಿ ಪೂರ್ಣ, ಸರಿಯಾಗಿ ಇರುವಂತೆ ನೋಡಿಕೊಳ್ಳಬೇಕು. 2025ರ ನವೆಂಬರ್‌ನಲ್ಲಿ ಬಂದ ಅದರ ನಿಯಮಗಳು ದೊಡ್ಡ ಕಂಪನಿಗಳಿಗೆ ವರ್ಷಕ್ಕೊಮ್ಮೆ ಆಡಿಟ್, ಅಲ್ಗಾರಿದಂನಿಂದ ಜನರ ಹಕ್ಕುಗಳಿಗೆ ಅಪಾಯ ಇಲ್ಲ ಅಂತ ಪರಿಶೀಲನೆ ಬೇಕು ಅನ್ನುತ್ತವೆ. ಆದರೆ ‘ಈ ತೀರ್ಮಾನ ಯಾಕೆ’ ಅಂತ ಕೇಳುವ ಹಕ್ಕು, ‘ಮನುಷ್ಯರು ಮತ್ತೊಮ್ಮೆ ನೋಡಲಿ’ ಅನ್ನುವ ಹಕ್ಕು ಯುರೋಪಿನಲ್ಲಿರುವ ಹಾಗೆ ಇಲ್ಲಿಲ್ಲ.

ಸೀಲ್ ಹಾಕುವವರು ಯಾರು?

ಮತ್ತೆ ಮೀಟರಿಗೆ ಬರೋಣ. ಪರೀಕ್ಷೆ ಮಾಡುವ ಅಧಿಕಾರಿ ಮೀಟರಿನ ಚಿಪ್ ಬಿಚ್ಚಿ ಕೋಡ್ ಓದುತ್ತಾ ಕೂರುವುದಿಲ್ಲ. ಇಷ್ಟು ದೂರಕ್ಕೆ ಎಷ್ಟು ತೋರಿಸಬೇಕು, ಎಷ್ಟು ತೋರಿಸುತ್ತಿದೆ ಅಂತ ನೋಡುತ್ತಾರೆ. ತಾಳೆಯಾದರೆ ಸೀಲ್. ಅಲ್ಗಾರಿದಂ ವಿಷಯಕ್ಕೆ ಬಂದಾಗ ‘ಅದು ತುಂಬಾ ಸಂಕೀರ್ಣ, ಯಾರಿಗೂ ಅರ್ಥವಾಗಲ್ಲ’ ಅಂತ ಹೆದರಿಸುತ್ತಾರೆ. ಒಳಗಿನದ್ದು ಅರ್ಥವಾಗದಿದ್ದರೂ ಹೊರಗೆ ಬಂದದ್ದನ್ನು ಅಳೆಯಬಹುದು. ಅನ್ನ ಬೆಂದಿದೆಯಾ ಅಂತ ನೋಡೋಕೆ ಯಾರೂ ಕುಕ್ಕರ್ ರಿಪೇರಿ ಕಲಿಯುವುದಿಲ್ಲ.

ಇಲ್ಲಿ ಕರ್ನಾಟಕದ ಕಾಯ್ದೆಯಲ್ಲಿ ಯಾರೂ ಗಮನಿಸದ ಒಂದು ವಸ್ತು ಇದೆ. ಕಲ್ಯಾಣ ಶುಲ್ಕ ಸರಿಯಾಗಿ ಬರುತ್ತಿದೆಯಾ ಅಂತ ನೋಡೋಕೆ ಪಾವತಿ ಮತ್ತು ಶುಲ್ಕ ಪರಿಶೀಲನಾ ವ್ಯವಸ್ಥೆ ಅಂತ ಒಂದನ್ನು ಕಾಯ್ದೆ ಹೇಳುತ್ತದೆ. ಆಪ್‌ಗಳಲ್ಲಿ ಕೆಲಸಗಾರರಿಗೆ ಆಗುವ ಪಾವತಿ ಎಲ್ಲ ಅಲ್ಲಿ ದಾಖಲಾಗಬೇಕು. ಉದ್ದೇಶ ಶುಲ್ಕ ವಸೂಲಿ ಅಷ್ಟೇ. ಆದರೆ ಯೋಚನೆ ಮಾಡಿ. ಯಾವ ಕಂಪನಿ ಯಾರಿಗೆ ಎಷ್ಟು ಕೊಟ್ಟಿತು ಅನ್ನುವುದು ಸರ್ಕಾರದ ಕೈಯಲ್ಲೇ ಇದ್ದರೆ, ಮುಂದಿನ ಪ್ರಶ್ನೆಗಳನ್ನು ಅದೇ ಲೆಕ್ಕಕ್ಕೆ ಕೇಳಬಹುದು. ಒಂದೇ ದೂರಕ್ಕೆ ಇಬ್ಬರಿಗೆ ಬೇರೆ ಬೇರೆ ಕೂಲಿ ಯಾಕೆ? ಮಹಿಳಾ ರೈಡರುಗಳಿಗೆ ಸರಾಸರಿ ಕಡಿಮೆ ಬೀಳುತ್ತಿದೆಯಾ? ಸಂಘಟನೆ ಕಟ್ಟಿದವರ ಗಳಿಕೆ ಆ ತಿಂಗಳಿಂದ ಇಳಿಯಿತಾ? ಕೋಡ್ ನೋಡುವ ಅಗತ್ಯವೇ ಇಲ್ಲ. ಅಲ್ಗಾರಿದಂಗೆ ಸೀಲ್ ಹಾಕುವ ಉಪಕರಣ ಬೇರೆ ಯಾವುದೋ ಕೆಲಸಕ್ಕೆ ಅಂತ ನಮ್ಮ ಕಾಯ್ದೆಯಲ್ಲೇ ಬಂದು ಕೂತಿದೆ. ಮಂಡಳಿಯಲ್ಲಿ ಇಬ್ಬರು ಸಂಖ್ಯಾಶಾಸ್ತ್ರದವರನ್ನು ಕೂರಿಸಿ, ಆ ಲೆಕ್ಕ ನೋಡುವ ಅಧಿಕಾರ ನಿಯಮದಲ್ಲಿ ಬರೆದುಕೊಟ್ಟರೆ ಕೆಲಸ ಶುರುವಾಗುತ್ತದೆ. ಕೆಲಸಗಾರರ ಹೆಸರು ಮರೆಮಾಡಿಯೇ ಮಾಡಬೇಕು, ಅದು ಬೇರೆ ಹೇಳಬೇಕಾಗಿಲ್ಲ.

ಕಂಪನಿಯವರೇ ಆಡಿಟ್ ಮಾಡಿಸಿ ವರದಿ ಹಾಕಲಿ ಅನ್ನುವ ದಾರಿಯೂ ಇದೆ. ನ್ಯೂಯಾರ್ಕ್ ನಗರ ಅದನ್ನು ಪ್ರಯೋಗ ಮಾಡಿ ನೋಡಿದೆ. ಕೆಲಸಕ್ಕೆ ಜನರನ್ನು ಆರಿಸೋಕೆ ಯಂತ್ರ ಬಳಸುವ ಕಂಪನಿಗಳು ಪಕ್ಷಪಾತದ ಆಡಿಟ್ ಮಾಡಿಸಿ ವೆಬ್‌ಸೈಟಿನಲ್ಲಿ ಹಾಕಬೇಕು ಅನ್ನುವ ಕಾನೂನು ಅಲ್ಲಿ 2023ರ ಜುಲೈಯಿಂದ ಜಾರಿಯಲ್ಲಿದೆ. ಸಂಶೋಧಕರು 391 ಕಂಪನಿಗಳನ್ನು ನೋಡಿದರು. ಆಡಿಟ್ ವರದಿ ಹಾಕಿದ್ದವು 18. ಉಳಿದವೆಲ್ಲ ಕಾನೂನು ಮುರಿದವು ಅಂತಲೂ ಹೇಳೋಕಾಗುವುದಿಲ್ಲ. ತಾನು ಬಳಸುವ ಯಂತ್ರ ಈ ಕಾನೂನಿನ ಕೆಳಗೆ ಬರುತ್ತದೋ ಇಲ್ಲವೋ ಅಂತ ಕಂಪನಿಯೇ ತೀರ್ಮಾನಿಸಬಹುದು. ಮೀಟರ್ ಸರಿಯಿದೆಯಾ ಅಂತ ಡ್ರೈವರನ್ನೇ ಕೇಳಿ ಸೀಲ್ ಹಾಕಿದ ಹಾಗೆ.

ನಮ್ಮಲ್ಲೂ ಅಂಥದ್ದೇ ಒಂದು ಆಯಿತು. ಒಂದೇ ಟ್ರಿಪ್‌ಗೆ ಐಫೋನಿನಲ್ಲಿ ಒಂದು ದರ, ಆಂಡ್ರಾಯ್ಡ್‌ನಲ್ಲಿ ಇನ್ನೊಂದು ಅಂತ ಜನ ದೂರಿದಾಗ 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಓಲಾ ಮತ್ತು ಊಬರ್‌ಗೆ ನೋಟಿಸ್ ಕೊಟ್ಟಿತು. ಅದನ್ನು ಪ್ರಕಟಿಸಿದವರು ನಮ್ಮ ಧಾರವಾಡದ ಸಂಸದ, ಸಚಿವ ಪ್ರಲ್ಹಾದ ಜೋಶಿ. ಫೋನ್ ನೋಡಿ ದರ ಹಾಕುವುದಿಲ್ಲ ಅಂತ ಎರಡೂ ಕಂಪನಿ ಹೇಳಿದವು. ಅದು ನಿಜವೇ ಇರಬಹುದು. ದೂರು ಕೊಟ್ಟವರಿಗೆ ಅದನ್ನು ಪರೀಕ್ಷೆ ಮಾಡಿ ನೋಡುವ ದಾರಿ ಇರಲಿಲ್ಲ ಅನ್ನುವುದು ನನ್ನ ತಕರಾರು.

ಸರ್ಕಾರದ ಯಂತ್ರಕ್ಕೆ?

ಕಂಪನಿಗಳ ಮೇಲೆ ಹರಿಹಾಯುವುದು ಸುಲಭ. ಸರ್ಕಾರಗಳೂ ಇದೇ ಆಟ ಆಡುತ್ತವೆ, ಅಲ್ಲಿ ನೋವು ಇನ್ನೂ ಜಾಸ್ತಿ.

ಆಸ್ಟ್ರೇಲಿಯಾದ ರೋಬೊಡೆಟ್ ಪ್ರಕರಣದಲ್ಲಿ ಕೃತಕ ಬುದ್ಧಿಮತ್ತೆ ಅಂತ ಏನೂ ಇರಲಿಲ್ಲ. ಇದ್ದದ್ದು ಭಾಗಾಕಾರ. ಒಬ್ಬ ಮನುಷ್ಯ ಆರು ತಿಂಗಳು ಕೆಲಸ ಮಾಡಿ ಸಂಪಾದಿಸಿದ, ಆರು ತಿಂಗಳು ಕೆಲಸವಿಲ್ಲದೆ ಸರ್ಕಾರದ ಭತ್ಯೆ ಪಡೆದ ಅಂದುಕೊಳ್ಳಿ. ಯಂತ್ರ ಅವನ ವರ್ಷದ ಸಂಪಾದನೆಯನ್ನು ಎರಡೆರಡು ವಾರದ 26 ಕಂತುಗಳಿಗೆ ಸಮನಾಗಿ ಹಂಚಿಬಿಟ್ಟಿತು. ಕೈಖಾಲಿ ಇದ್ದ ದಿನಗಳಲ್ಲೂ ದುಡ್ಡು ಬಂದ ಹಾಗೆ ಕಂಡಿತು. ‘ಸಂಪಾದನೆ ಮುಚ್ಚಿಟ್ಟು ಭತ್ಯೆ ತಗೊಂಡಿದ್ದೀಯ, ವಾಪಸ್ ಕಟ್ಟು’ ಅಂತ ಪತ್ರ ಹೋಯಿತು. ತಪ್ಪಿಲ್ಲ ಅಂತ ಸಾಬೀತು ಮಾಡುವ ಹೊಣೆ ಜನರದ್ದು, ಎಷ್ಟೋ ವರ್ಷದ ಹಳೆಯ ಸಂಬಳದ ಚೀಟಿ ಹುಡುಕಿ ತರಬೇಕು. ಕೊನೆಗೆ 2020ರಲ್ಲಿ ಸುಮಾರು 3,73,000 ಜನರಿಗೆ 72.1 ಕೋಟಿ ಆಸ್ಟ್ರೇಲಿಯನ್ ಡಾಲರ್ ವಾಪಸ್ ಕೊಡುವುದಾಗಿ ಸರ್ಕಾರ ಹೇಳಿತು. 2023ರ ಜುಲೈನಲ್ಲಿ ಬಂದ ರಾಯಲ್ ಕಮಿಷನ್ (ಉನ್ನತ ತನಿಖಾ ಆಯೋಗ) ವರದಿ ಅದು ನ್ಯಾಯವೂ ಅಲ್ಲ, ಕಾನೂನಿಗೆ ತಕ್ಕದ್ದೂ ಅಲ್ಲ ಅಂತ ನೇರವಾಗಿ ಬರೆಯಿತು. ಇದು ಕಾನೂನಿಗೆ ಹೊಂದುವುದಿಲ್ಲ ಅಂತ ಒಳಗಿನವರು ಶುರುವಿನಲ್ಲೇ ಎಚ್ಚರಿಸಿದ್ದೂ ಅದರಲ್ಲಿದೆ.

ಪಕ್ಕದ ತೆಲಂಗಾಣದಲ್ಲಿ 2014ರಿಂದ 2019ರ ನಡುವೆ 18 ಲಕ್ಷಕ್ಕೂ ಹೆಚ್ಚು ಆಹಾರ ಭದ್ರತಾ ಕಾರ್ಡುಗಳು ನೋಟಿಸ್ ಇಲ್ಲದೆ ರದ್ದಾದವು. ಬೇರೆ ಬೇರೆ ಇಲಾಖೆಗಳ ಪಟ್ಟಿಗಳನ್ನು ಹೆಸರು, ವಿಳಾಸ ನೋಡಿ ಜೋಡಿಸುವ ‘ಸಮಗ್ರ ವೇದಿಕ’ ಅನ್ನುವ ವ್ಯವಸ್ಥೆಯನ್ನು ಇದಕ್ಕೆ ಬಳಸಿದ್ದರು. ರಿಕ್ಷಾ ತುಳಿಯುವವನ ಹೆಸರಿನಲ್ಲಿ ಕಾರು ಇದೆ ಅಂತ ಅದು ತೋರಿಸಿದ ಉದಾಹರಣೆ ಇದೆ. ಹೆಸರು ಮಾತ್ರ ಹತ್ತಿರ ಇತ್ತು, ಮನುಷ್ಯ ಬೇರೆ. 2022ರಲ್ಲಿ ಸುಪ್ರೀಂ ಕೋರ್ಟ್ ಮನೆ ಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಅಂತ ಆದೇಶ ಮಾಡಬೇಕಾಯಿತು. 2024ರ ನವೆಂಬರ್‌ನಲ್ಲಿ ನಮ್ಮಲ್ಲೂ ಬಿಪಿಎಲ್ ಕಾರ್ಡ್ ರದ್ದಾದ ಗಲಾಟೆ ನೆನಪಿರಬಹುದು. ಜನ ಬೀದಿಗೆ ಬಂದ ಮೇಲೆ, ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಿತು.

ಈ ಎಲ್ಲ ಪ್ರಕರಣದಲ್ಲೂ ಯಂತ್ರ ತಪ್ಪು ಮಾಡಿದ್ದಕ್ಕಿಂತ ಅನುಕ್ರಮ ನನಗೆ ಹೆಚ್ಚು ಕಾಣುತ್ತದೆ. ಮೊದಲು ಶಿಕ್ಷೆ, ಆಮೇಲೆ ವಿಚಾರಣೆ. ಐಡಿ ಮೊದಲು ಬಂದ್, ಕಾರಣ ಆಮೇಲೆ. ಕಾರ್ಡ್ ಮೊದಲು ರದ್ದು, ಪರಿಶೀಲನೆ ಆಮೇಲೆ. ನೋಟಿಸ್ ಕೊಟ್ಟು, ಎದುರು ಪಕ್ಷದ ಮಾತು ಕೇಳಿ ತೀರ್ಮಾನ ಮಾಡಬೇಕು ಅನ್ನುವುದು ಹೊಸ ತಂತ್ರಜ್ಞಾನಕ್ಕೆ ಬೇಕಾದ ಹೊಸ ತತ್ವವೇನಲ್ಲ. ಊರ ಪಂಚಾಯಿತಿ ಕಟ್ಟೆಯಲ್ಲೂ ಇದ್ದದ್ದೇ. ಕೆಲವು ತೀರ್ಮಾನಗಳನ್ನು ಯಂತ್ರ ತಕ್ಷಣ ಮಾಡಬೇಕಾಗುತ್ತದೆ, ಒಪ್ಪೋಣ. ಕದ್ದ ಫೋನಿನಿಂದ ಯಾರೋ ಲಾಗಿನ್ ಆದರೆ ಐಡಿ ಆಗಲೇ ನಿಲ್ಲಿಸಬೇಕು. ಆದರೆ ಹಾಗೆ ನಿಲ್ಲಿಸಿದ ಮೇಲೆ 24 ಗಂಟೆಯಲ್ಲೋ 48 ಗಂಟೆಯಲ್ಲೋ ಹೆಸರು, ಹುದ್ದೆ ಇರುವ ಒಬ್ಬ ಮನುಷ್ಯ ಕಾರಣ ಬರೆದು ಸಹಿ ಹಾಕಲಿ. ಸಹಿ ಹಾಕದಿದ್ದರೆ ಐಡಿ ತಾನಾಗಿಯೇ ಓಪನ್ ಆಗಲಿ, ನಿಂತ ದಿನಗಳ ಸರಾಸರಿ ಕೂಲಿಯೂ ಸೇರಲಿ. ಕರ್ನಾಟಕದ ನಿಯಮಗಳಲ್ಲಿ ಇಷ್ಟನ್ನು ಬರೆದರೆ ಕಂಪನಿಗಳು ಅಲ್ಗಾರಿದಂಗಳನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತವೆ ಅಂತ ನನಗನ್ನಿಸುತ್ತದೆ. ತಪ್ಪಿನ ಖರ್ಚು ಈಗ ಪೂರ್ತಿ ಹುಡುಗನ ಜೇಬಿನಿಂದ ಹೋಗುತ್ತಿದೆ. ಕಂಪನಿಗೆ ರಿಪೇರಿಯ ಅರ್ಜೆಂಟ್ ಏನಿದೆ?

ಆ ಹುಡುಗ ಹನ್ನೊಂದು ದಿನ ಆದಮೇಲೆ ಮತ್ತೆ ಟೀ ಅಂಗಡಿಯಲ್ಲಿ ಸಿಕ್ಕ. ಮೈಮೇಲೆ ಕಂಪನಿಯ ಟೀ ಶರ್ಟ್ ಇತ್ತು. ‘ಚಾಲೂ ಆತ್ರಿ ಸರ್’ ಅಂದ. ಬೆಳಿಗ್ಗೆ ಸುಮ್ನೆ ಆಪ್ ತೆರೆದು ನೋಡಿದನಂತೆ, ಐಡಿ ಓಪನ್ ಆಗಿತ್ತು. ಏನಂತ ಮೆಸೇಜ್ ಬಂತು ಅಂತ ಕೇಳಿದೆ.

‘ಮೆಸೇಜ್ ಏನೂ ಇಲ್ರಿ’ ಅಂದ. ಅಷ್ಟರಲ್ಲಿ ಫೋನ್ ಕುಂಯ್ ಅಂತು. ಆರ್ಡರ್ ಬಿದ್ದಿತ್ತು. ಅರ್ಧ ಟೀ ಅಲ್ಲೇ ಇಟ್ಟು ಹೋದ.